ನಿಮ್ಮ ಇಂಟರ್ನೆಟ್ ಕಂಪನಿ ನಿಮ್ಮ ಟ್ರಾಫಿಕ್ ನೋಡಬಹುದಾ?

ಫೋನಿನಲ್ಲಿ ಆಗಲಿ, ಕಂಪ್ಯೂಟರಿನಲ್ಲಿ ಆಗಲಿ, ನೀವು ಏನೇ ತೆರೆದರೂ ಅದು ಮೊದಲು ಹಾದುಹೋಗುವುದು ನಿಮಗೆ ಇಂಟರ್ನೆಟ್ ಕೊಡುವ ಕಂಪನಿಯ ಯಂತ್ರಗಳ ಮೂಲಕ. ಒಂದು ಸರ್ಚ್ ಎಂಜಿನ್ ಬೇಡ ಅನ್ನಿಸಿದರೆ ಇನ್ನೊಂದಕ್ಕೆ ಹೋಗಬಹುದು. ಸೋಶಿಯಲ್ ಮೀಡಿಯಾ ಬೇಡ ಅನ್ನಿಸಿದರೆ ಖಾತೆ ಮುಚ್ಚಬಹುದು. ಇಂಟರ್ನೆಟ್ ಕಂಪನಿಯನ್ನು ಬಿಟ್ಟು ಇಂಟರ್ನೆಟ್ ಬಳಸಲು ಮಾತ್ರ ಆಗುವುದಿಲ್ಲ. ಕಂಪನಿ ಬದಲಾಯಿಸಬಹುದು, ಅಷ್ಟೇ. ಬದಲಾಯಿಸಿದ ಮೇಲೆ ಅದೇ ಜಾಗದಲ್ಲಿ ಇನ್ನೊಬ್ಬರು ಕೂತಿರುತ್ತಾರೆ.

ಆ ಜಾಗದಲ್ಲಿ ಕೂತವರು ಹಾದುಹೋಗುವುದನ್ನೆಲ್ಲ, ಅಂದರೆ ನಿಮ್ಮ ಟ್ರಾಫಿಕ್ಕನ್ನು, ನೋಡಬಹುದಾ? ಬರೆದಿಟ್ಟುಕೊಳ್ಳಬಹುದಾ? ಜಾಹೀರಾತು ಕಂಪನಿಗೆ ಮಾರಬಹುದಾ? ಸರ್ಕಾರ ಕೇಳಿದರೆ ಕೊಡಲೇಬೇಕಾ?

ಹೌದು ಅಥವಾ ಇಲ್ಲ ಎಂಬ ಒಂದೇ ಉತ್ತರ ಯಾವ ದೇಶದ ಕಾನೂನಿನಲ್ಲೂ ಇಲ್ಲ. ಏನನ್ನು ನೋಡುತ್ತಿದ್ದಾರೆ, ಯಾಕೆ ನೋಡುತ್ತಿದ್ದಾರೆ, ಯಾರ ಒಪ್ಪಿಗೆ ಮೇಲೆ ನೋಡುತ್ತಿದ್ದಾರೆ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಬಹಳಷ್ಟು ಕಾನೂನುಗಳು ಮೊದಲ ಪ್ರಶ್ನೆಗೆ ಜಾಸ್ತಿ ಗಮನ ಕೊಟ್ಟಿವೆ, ಎರಡನೆಯದಕ್ಕೆ ಕಡಿಮೆ. ಮೂರನೆಯದನ್ನಂತೂ ಒಂದು ಟಿಕ್ ಗುರುತಿಗೆ ಇಳಿಸಿಬಿಟ್ಟಿವೆ. ನಮ್ಮ ತೊಂದರೆ ಶುರುವಾಗುವುದು ಅಲ್ಲಿಂದಲೇ.

ಅವರಿಗೆ ಕಾಣುವುದು ಏನು

ಕಾನೂನಿಗೆ ಹೋಗುವ ಮೊದಲು ತಂತ್ರದ ಕಡೆ ಸ್ವಲ್ಪ ನೋಡೋಣ. ಇದು ಗೊತ್ತಿಲ್ಲದೆ ಕಾನೂನಿನ ಜಗಳ ಅರ್ಥವಾಗುವುದಿಲ್ಲ.

ನೀವು ಎಷ್ಟು ಡೇಟಾ ಬಳಸಿದಿರಿ, ಯಾವಾಗ ಬಳಸಿದಿರಿ ಎಂಬುದು ಕಂಪನಿಗೆ ಗೊತ್ತು. ಗೊತ್ತಿಲ್ಲದಿದ್ದರೆ ಬಿಲ್ ಮಾಡಲು ಆಗುವುದಿಲ್ಲ. ಡೇಟಾ ಪ್ಯಾಕೆಟ್ ಎಂಬ ಸಣ್ಣ ತುಂಡುಗಳಾಗಿ ಸಾಗುತ್ತದೆ, ಪ್ರತಿ ಪ್ಯಾಕೆಟ್ ಎಲ್ಲಿಗೆ ಹೋಗಬೇಕು ಎಂಬ ಐಪಿ ವಿಳಾಸವೂ ಗೊತ್ತು. ಅದಿಲ್ಲದೆ ಪ್ಯಾಕೆಟ್ ಮುಂದಕ್ಕೆ ಸಾಗುವುದಿಲ್ಲ. ಇಷ್ಟರ ಬಗ್ಗೆ ಯಾರೂ ತಕರಾರು ಮಾಡುವ ಹಾಗಿಲ್ಲ.

ಮುಂದಿನದು ಡಿಎನ್‌ಎಸ್. ನೀವು ವೆಬ್‌ಸೈಟಿನ ಹೆಸರು ಬರೆದಾಗ ನಿಮ್ಮ ಸಾಧನ ಮೊದಲು "ಈ ಹೆಸರಿನ ಐಪಿ ವಿಳಾಸ ಯಾವುದು" ಎಂದು ಒಂದು ಸರ್ವರಿಗೆ ಕೇಳುತ್ತದೆ. ನೀವು ಸೆಟ್ಟಿಂಗ್ ಮುಟ್ಟದಿದ್ದರೆ ಸಾಮಾನ್ಯವಾಗಿ ಆ ಸರ್ವರ್ ಇಂಟರ್ನೆಟ್ ಕಂಪನಿಯದ್ದೇ ಆಗಿರುತ್ತದೆ. ಹಳೆಯ ರೀತಿಯ ಡಿಎನ್‌ಎಸ್‌ನಲ್ಲಿ ಪ್ರಶ್ನೆಗೆ ಗೂಢಲಿಪಿಯೂ ಇರುವುದಿಲ್ಲ. ಅಂದರೆ ನೀವು ಯಾವ ಯಾವ ಸೈಟಿಗೆ ಹೋದಿರಿ ಎಂಬ ಪಟ್ಟಿ ಸುಮ್ನೆ ಅವರ ಕೈಗೆ ಬರುತ್ತದೆ.

ಈಗ ಹೆಚ್ಚಿನ ಸೈಟುಗಳು ಎಚ್‌ಟಿಟಿಪಿಎಸ್ ಬಳಸುತ್ತವೆ, ಅಂದರೆ ನಿಮ್ಮ ಮತ್ತು ಸೈಟಿನ ನಡುವಿನ ಡೇಟಾ ಗೂಢಲಿಪಿಯಲ್ಲಿ ಹೋಗುತ್ತದೆ. ಅದರಿಂದ ದೊಡ್ಡ ಲಾಭ ಆಗಿದೆ. ನೀವು ಏನು ಹುಡುಕಿದಿರಿ, ಯಾವ ಪುಟ ಓದಿದಿರಿ, ಯಾವ ಪಾಸ್‌ವರ್ಡ್ ಕೊಟ್ಟಿರಿ ಎಂಬುದು ಮಧ್ಯದಲ್ಲಿ ಕೂತವರಿಗೆ ಕಾಣುವುದಿಲ್ಲ. ಆದರೆ ಸಂಪರ್ಕ ಶುರುವಾಗುವ ಮೊದಲ ಸಂದೇಶದಲ್ಲಿ ಸೈಟಿನ ಹೆಸರು ಸಾಮಾನ್ಯವಾಗಿ ತೆರೆದೇ ಇರುತ್ತದೆ. ಇದಕ್ಕೆ ಎಸ್‌ಎನ್‌ಐ ಎನ್ನುತ್ತಾರೆ. ಅದನ್ನೂ ಮುಚ್ಚುವ ತಂತ್ರ ಬಂದಿದೆ, ಆದರೆ ಎಲ್ಲ ಸೈಟುಗಳಿಗೆ ಇನ್ನೂ ತಲುಪಿಲ್ಲ.

ಹಾಗಾದರೆ ಒಳಗಿನ ವಿಷಯ ಕಾಣದಿದ್ದರೆ ಏನೂ ಕಾಣಲಿಲ್ಲ ಎಂದು ಅರ್ಥವೇ? ಖಂಡಿತ ಅಲ್ಲ. ರಾತ್ರಿ ಎರಡು ಗಂಟೆಗೆ ಒಬ್ಬರು ಕ್ಯಾನ್ಸರ್ ಕುರಿತ ಸೈಟಿಗೆ ಹೋಗುತ್ತಾರೆ. ಮರುದಿನ ಬೆಳಿಗ್ಗೆ ಆಸ್ಪತ್ರೆಯ ಸೈಟಿಗೆ. ಮಧ್ಯಾಹ್ನ ವಿಮಾ ಕಂಪನಿಯ ಸೈಟಿಗೆ. ಒಂದು ಪುಟದ ಒಂದು ಸಾಲನ್ನೂ ಓದದೆ ಅವರ ಮನೆಯಲ್ಲಿ ಏನಾಗುತ್ತಿದೆ ಎಂದು ಊಹಿಸಬಹುದು, ಅಲ್ವಾ? ಇಷ್ಟೇ ಅಲ್ಲ. ಗೂಢಲಿಪಿಯಲ್ಲಿ ಬರುವ ವಿಡಿಯೋದಲ್ಲೂ ಡೇಟಾ ಯಾವ ಅಳತೆಯಲ್ಲಿ, ಯಾವ ಲಯದಲ್ಲಿ ಬರುತ್ತಿದೆ ಎಂದು ನೋಡಿ ಯಾವ ಚಿತ್ರ ಓಡುತ್ತಿದೆ ಎಂದು ಗುರುತಿಸಬಹುದು ಎಂದು ಸಂಶೋಧಕರು ತೋರಿಸಿದ್ದಾರೆ.

ಪ್ಯಾಕೆಟ್ಟಿನ ವಿಳಾಸ ಮಾತ್ರ ನೋಡದೆ ಒಳಗಿನ ಡೇಟಾವನ್ನೂ ಬಗೆದು ನೋಡುವ ಯಂತ್ರಗಳಿವೆ. ಈ ಕೆಲಸಕ್ಕೆ ಡೀಪ್ ಪ್ಯಾಕೆಟ್ ಇನ್‌ಸ್ಪೆಕ್ಷನ್, ಚಿಕ್ಕದಾಗಿ ಡಿಪಿಐ ಎಂದು ಹೆಸರು. ಇದೇ ಯಂತ್ರ ವೈರಸ್ ತಡೆಯುತ್ತದೆ. ಇದೇ ಯಂತ್ರ ಸೈಟ್ ಬ್ಲಾಕ್ ಮಾಡುತ್ತದೆ, ಜಾಹೀರಾತಿಗೆ ಬೇಕಾದ ಪ್ರೊಫೈಲ್ ಕಟ್ಟುತ್ತದೆ, ತನಿಖಾ ಸಂಸ್ಥೆಗೆ ನಕಲು ಕಳಿಸುತ್ತದೆ. ಯಂತ್ರ ಒಂದೇ, ಬಳಸುವ ಉದ್ದೇಶ ಬೇರೆ. ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಿ.

ಲಕೋಟೆಯ ಹೊರಗೆ, ಲಕೋಟೆಯ ಒಳಗೆ

ಇವತ್ತಿನ ಕಾನೂನಿನ ಬೇರು ಅಂಚೆಯಲ್ಲಿದೆ. 1878ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಎಕ್ಸ್ ಪಾರ್ಟೆ ಜಾಕ್ಸನ್ ಎಂಬ ಪ್ರಕರಣದಲ್ಲಿ ಒಂದು ಗೆರೆ ಎಳೆಯಿತು. ಅಂಟಿಸಿದ ಪತ್ರವನ್ನು ವಾರಂಟ್ ಇಲ್ಲದೆ ಸರ್ಕಾರ ಒಡೆದು ನೋಡುವಂತಿಲ್ಲ, ಅದರ ಹೊರಮೈ ಮತ್ತು ತೂಕ ನೋಡಬಹುದು ಎಂದಿತು. ನೂರು ವರ್ಷ ಕಳೆದ ಮೇಲೆ 1979ರಲ್ಲಿ ಸ್ಮಿತ್ ವಿರುದ್ಧ ಮೇರಿಲ್ಯಾಂಡ್ ಪ್ರಕರಣ ಬಂತು. ಫೋನಿನಲ್ಲಿ ಒತ್ತಿದ ನಂಬರುಗಳನ್ನು ನೀವೇ ಫೋನ್ ಕಂಪನಿಗೆ ಕೊಟ್ಟಿದ್ದೀರಿ, ಹಾಗಾಗಿ ಆ ನಂಬರುಗಳು ಗುಟ್ಟಾಗಿರುತ್ತವೆ ಎಂದು ನಿರೀಕ್ಷಿಸುವಂತಿಲ್ಲ ಎಂದು ಕೋರ್ಟ್ ಹೇಳಿತು. ಒಳಗಿನ ಮಾತಿಗೆ ಗಟ್ಟಿ ರಕ್ಷಣೆ, ಹೊರಗಿನ ವಿವರಕ್ಕೆ ತೆಳು ರಕ್ಷಣೆ.

ಪತ್ರದ ಕಾಲಕ್ಕೆ ಇದು ಸರಿ ಇತ್ತು. ಒಬ್ಬರಿಗೆ ದಿನಕ್ಕೆ ಎಷ್ಟು ಪತ್ರ ಬಂದೀತು? ಈಗ ಒಂದು ಫೋನು ದಿನಕ್ಕೆ ಸಾವಿರಾರು ಸಂಪರ್ಕ ಮಾಡುತ್ತದೆ. ಅಷ್ಟು ಹೊರಮೈಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಮನುಷ್ಯನ ಬದುಕೇ ಕಾಣುತ್ತದೆ. 2018ರಲ್ಲಿ ಕಾರ್ಪೆಂಟರ್ ಪ್ರಕರಣದಲ್ಲಿ ಅದೇ ಕೋರ್ಟ್ ಇದನ್ನು ಸ್ವಲ್ಪ ಒಪ್ಪಿಕೊಂಡಿತು. ಮೊಬೈಲ್ ಟವರಿನ ದಾಖಲೆಯಿಂದ ಒಬ್ಬರ ಓಡಾಟವನ್ನು ದಿನಗಟ್ಟಲೆ ಹಿಂಬಾಲಿಸಲು ಪೊಲೀಸರಿಗೆ ಸಾಮಾನ್ಯವಾಗಿ ವಾರಂಟ್ ಬೇಕು ಎಂದು 5–4 ಬಹುಮತದಲ್ಲಿ ತೀರ್ಪು ಕೊಟ್ಟಿತು. ಆದರೆ 1979ರ ತೀರ್ಪನ್ನು ಅಳಿಸಲಿಲ್ಲ. ಬ್ರೌಸಿಂಗ್ ದಾಖಲೆಯ ಬಗ್ಗೆ ಏನೂ ಹೇಳಲಿಲ್ಲ.

ಇಲ್ಲಿ ಒಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ಈ ತೀರ್ಪುಗಳೆಲ್ಲ ಸರ್ಕಾರವನ್ನು ಕಟ್ಟಿಹಾಕುತ್ತವೆ. ಇವುಗಳಿಗೆ ಆಧಾರವಾದ, ಸರ್ಕಾರ ಸುಮ್ಮನೆ ಶೋಧ ಮಾಡುವಂತಿಲ್ಲ ಎನ್ನುವ ಅಮೆರಿಕದ ಸಂವಿಧಾನದ ನಾಲ್ಕನೇ ತಿದ್ದುಪಡಿ ಖಾಸಗಿ ಕಂಪನಿಯ ಕೈ ಹಿಡಿಯುವುದಿಲ್ಲ. ಕಂಪನಿಯ ಕೈ ಹಿಡಿಯಲು ಬೇರೆ ಕಾನೂನೇ ಬೇಕು.

ಅಮೆರಿಕ: ನಿಷೇಧ ಇದೆ, ಬಾಗಿಲೂ ಇದೆ

ಆ ಕಾನೂನು ಬಂದಿದ್ದು 1986ರಲ್ಲಿ. ಫೋನ್ ಕದ್ದಾಲಿಕೆಯ ವಿರುದ್ಧ 1968ರಲ್ಲಿ ಮಾಡಿದ್ದ ಕಾನೂನನ್ನು ಎಲೆಕ್ಟ್ರಾನಿಕ್ ಸಂದೇಶಗಳಿಗೂ ವಿಸ್ತರಿಸಿದರು. ಅದರ ಮೂಲ ನಿಯಮ ಸ್ಪಷ್ಟವಾಗಿದೆ. ಇನ್ನೊಬ್ಬರ ಸಂದೇಶದ ವಿಷಯವನ್ನು ಹಾದುಹೋಗುವಾಗ ಹಿಡಿದುಕೊಳ್ಳುವುದು ಅಪರಾಧ. ಇಂಟರ್ನೆಟ್ ಕಂಪನಿಗೂ ಇದು ಅನ್ವಯಿಸುತ್ತದೆ. ಯಾರ ಮೇಲೆ ಈ ಅಪರಾಧ ನಡೆಯಿತೋ ಅವರು ಪರಿಹಾರಕ್ಕೆ ದಾವೆ ಹೂಡಬಹುದು.

ವಿನಾಯಿತಿಗಳೂ ಇವೆ. ಸೇವೆ ಕೊಡಲು ಅಗತ್ಯವಾದ ಕೆಲಸದ ಭಾಗವಾಗಿ, ಅಥವಾ ತನ್ನ ಆಸ್ತಿ ಮತ್ತು ಹಕ್ಕು ಕಾಪಾಡಿಕೊಳ್ಳಲು ಕಂಪನಿ ನೋಡಬಹುದು. ಸ್ಪ್ಯಾಮ್ ತಡೆಯುವುದು, ದಾಳಿ ಗುರುತಿಸುವುದು, ನೆಟ್‌ವರ್ಕ್ ಕೆಟ್ಟಾಗ ಕಾರಣ ಹುಡುಕುವುದು ಇದರಲ್ಲಿ ಬರುತ್ತವೆ. ಇದು ನ್ಯಾಯವೇ. ಇದಿಲ್ಲದೆ ನೆಟ್‌ವರ್ಕ್ ನಡೆಸಲು ಆಗುವುದಿಲ್ಲ. ಇನ್ನೊಂದು ವಿನಾಯಿತಿ ಒಪ್ಪಿಗೆ. ಸಂದೇಶದ ಎರಡು ಬದಿಯಲ್ಲಿ ಒಬ್ಬರು ಒಪ್ಪಿದರೆ ಸಾಕು. ಗ್ರಾಹಕ ಒಪ್ಪಿದರೆ ಕೇಂದ್ರದ ಈ ಕಾನೂನಿನ ಅಡಿಯಲ್ಲಿ ಕಂಪನಿಗೆ ದಾರಿ ಸಿಗುತ್ತದೆ.

ಈ ಒಪ್ಪಿಗೆ ಹೇಗಿರುತ್ತದೆ ಎಂದು ತಿಳಿಯಲು ನೆಬುಆಡ್ ಕಥೆ ನೋಡಬೇಕು. 2007–08ರಲ್ಲಿ ಈ ಹೆಸರಿನ ಜಾಹೀರಾತು ಕಂಪನಿ ಹಲವು ಇಂಟರ್ನೆಟ್ ಕಂಪನಿಗಳ ನೆಟ್‌ವರ್ಕಿನೊಳಗೆ ತನ್ನ ಯಂತ್ರ ಇಟ್ಟು, ಜನ ಏನು ನೋಡುತ್ತಾರೆ ಎಂದು ಗಮನಿಸಿ, ಅದಕ್ಕೆ ತಕ್ಕ ಜಾಹೀರಾತು ತೋರಿಸುವ ಏರ್ಪಾಡು ಮಾಡಿತು. ಎಂಬಾರ್ಕ್ ಎಂಬ ಕಂಪನಿ ಕಾನ್ಸಾಸ್ ರಾಜ್ಯದ ಗಾರ್ಡ್ನರ್ ಎಂಬಲ್ಲಿ ಇದನ್ನು ಪ್ರಯೋಗ ಮಾಡಿತು. ಗ್ರಾಹಕರಿಗೆ ತಿಳಿಸಿದ್ದು ಹೇಗೆ? ವೆಬ್‌ಸೈಟಿನಲ್ಲಿದ್ದ ಪ್ರೈವಸಿ ಪಾಲಿಸಿಗೆ ಕೆಲವು ಸಾಲು ಸೇರಿಸಿದರು. ಬೇಡ ಎನ್ನುವವರು ಹೊರಗೆ ಉಳಿಯಬಹುದು ಎಂದು ಬರೆದರು. ಸುಮಾರು 26,000 ಗ್ರಾಹಕರಲ್ಲಿ ಹೊರಗುಳಿದವರು 15 ಜನ. ಉಳಿದವರೆಲ್ಲ ಒಪ್ಪಿದರು ಎಂದು ಲೆಕ್ಕ. ಅವರಿಗೆ ವಿಷಯವೇ ಗೊತ್ತಿರಲಿಲ್ಲ ಎಂದು ನಾನು ಓದಿಕೊಳ್ಳುತ್ತೇನೆ. ಬೇರೆ ರೀತಿ ಓದಲು ನನಗೆ ಸಾಧ್ಯವಾಗುತ್ತಿಲ್ಲ.

ಅಮೆರಿಕದ ಸಂಸತ್ತಿನ ಸದಸ್ಯರು ಪ್ರಶ್ನೆ ಕೇಳಲು ಶುರುಮಾಡಿದ ಮೇಲೆ ಚಾರ್ಟರ್ ಎಂಬ ದೊಡ್ಡ ಕೇಬಲ್ ಕಂಪನಿ 2008ರ ಜೂನ್‌ನಲ್ಲಿ ತನ್ನ ಯೋಜನೆ ಕೈಬಿಟ್ಟಿತು. ನೆಬುಆಡ್ ಮುಂದಿನ ವರ್ಷ ಮುಚ್ಚಿತು. ಎಂಬಾರ್ಕ್ ವಿರುದ್ಧ ಗ್ರಾಹಕರು ಕೋರ್ಟಿಗೆ ಹೋದರು. 2012ರಲ್ಲಿ ಮೇಲ್ಮನವಿ ಕೋರ್ಟ್ ಗ್ರಾಹಕರ ವಿರುದ್ಧ ತೀರ್ಪು ಕೊಟ್ಟಿತು. ಎಂಬಾರ್ಕ್ ಕೈಗೆ ಬಂದ ಡೇಟಾ ಅದರ ಮಾಮೂಲಿ ವ್ಯವಹಾರದಲ್ಲಿ ಹೇಗಿದ್ದರೂ ಬರುತ್ತಿದ್ದ ಡೇಟಾ. ನೆಬುಆಡ್ ಮಾಡಿದ್ದಕ್ಕೆ ಎಂಬಾರ್ಕ್ ಈ ಕಾನೂನಿನ ಅಡಿಯಲ್ಲಿ ಹೊಣೆ ಅಲ್ಲ ಎಂದಿತು. ಯೋಜನೆಯನ್ನು ನಿಲ್ಲಿಸಿದ್ದು ಜನರ ಸಿಟ್ಟು. ಕಾನೂನು ಅದನ್ನು ನಿಲ್ಲಿಸಲಿಲ್ಲ.

ವೆರಿಜಾನ್ ಕಥೆ ಇನ್ನೊಂದು ಬಗೆಯದು. 2012ರಿಂದ ಆ ಕಂಪನಿ ತನ್ನ ಮೊಬೈಲ್ ಗ್ರಾಹಕರು ಗೂಢಲಿಪಿ ಇಲ್ಲದ ಎಚ್‌ಟಿಟಿಪಿ ಸೈಟುಗಳಿಗೆ ಕಳಿಸುವ ಕೋರಿಕೆಗಳ ಒಳಗೆ ಪ್ರತಿಯೊಬ್ಬರಿಗೂ ಬೇರೆ ಬೇರೆಯಾದ ಒಂದು ಗುರುತಿನ ಸಂಖ್ಯೆ ಸೇರಿಸುತ್ತಿತ್ತು. ಬ್ರೌಸರಿನಲ್ಲಿ ಕುಕ್ಕಿ (ನಿಮ್ಮನ್ನು ಗುರುತಿಸಲು ಸೈಟುಗಳು ಇಡುವ ಸಣ್ಣ ಕಡತ) ಅಳಿಸಿದರೂ ಇದು ಹೋಗುತ್ತಿರಲಿಲ್ಲ, ಏಕೆಂದರೆ ಇದು ಫೋನಿನಲ್ಲಿ ಇರಲೇ ಇಲ್ಲ. ದಾರಿಯಲ್ಲಿ ಸೇರಿಕೊಳ್ಳುತ್ತಿತ್ತು. ಜನ ಇದನ್ನು ಸೂಪರ್‌ಕುಕ್ಕಿ ಎಂದು ಕರೆದರು. 2014ರಲ್ಲಿ ವಿಷಯ ಬಯಲಾಯಿತು. 2016ರ ಮಾರ್ಚ್‌ನಲ್ಲಿ ಅಲ್ಲಿನ ಸಂಪರ್ಕ ಆಯೋಗ ಎಫ್‌ಸಿಸಿ ಜೊತೆ 13.5 ಲಕ್ಷ ಡಾಲರಿಗೆ ರಾಜಿ ಆಯಿತು. ಅಷ್ಟು ದೊಡ್ಡ ಕಂಪನಿಗೆ ಇದು ಏನೂ ಅಲ್ಲ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಎಫ್‌ಸಿಸಿ ಒಂದು ಒಳ್ಳೆಯ ನಿಯಮ ಮಾಡಿತು. ಬ್ರೌಸಿಂಗ್ ಇತಿಹಾಸ, ಆ್ಯಪ್ ಬಳಕೆ, ಇರುವ ಜಾಗದಂಥ ಸೂಕ್ಷ್ಮ ಮಾಹಿತಿಯನ್ನು ಮಾರಾಟಕ್ಕೆ ಬಳಸುವ ಮೊದಲು ಗ್ರಾಹಕನನ್ನು ಕೇಳಬೇಕು, ಅವನು ಹೂಂ ಎಂದರೆ ಮಾತ್ರ ಮುಂದುವರಿಯಬೇಕು. ಸುಮ್ಮನಿದ್ದರೆ ಒಪ್ಪಿಗೆ ಅಲ್ಲ. ಈ ನಿಯಮ ಪೂರ್ತಿ ಜಾರಿಗೆ ಬರುವ ಮೊದಲೇ ಸಂಸತ್ತು ಅದನ್ನು ರದ್ದು ಮಾಡಿತು. ಸೆನೆಟ್‌ನಲ್ಲಿ 50–48, ಕೆಳಮನೆಯಲ್ಲಿ 215–205. 2017ರ ಏಪ್ರಿಲ್ 3ರಂದು ಅಧ್ಯಕ್ಷ ಟ್ರಂಪ್ ಸಹಿ ಹಾಕಿದರು. ರದ್ದು ಮಾಡಿದ ರೀತಿ ಎಂಥದ್ದು ಎಂದರೆ, ಅದೇ ಥರದ ನಿಯಮವನ್ನು ಎಫ್‌ಸಿಸಿ ಹೊಸ ಕಾನೂನಿಲ್ಲದೆ ಮತ್ತೆ ಮಾಡುವಂತಿಲ್ಲ. ಮೇನ್ ರಾಜ್ಯ 2019ರಲ್ಲಿ ತನ್ನದೇ ಕಾನೂನು ಮಾಡಿ ಮೊದಲೇ ಒಪ್ಪಿಗೆ ಕೇಳುವುದನ್ನು ಕಡ್ಡಾಯ ಮಾಡಿತು. ಎಲ್ಲ ರಾಜ್ಯಗಳೂ ಹಾಗೆ ಮಾಡಿಲ್ಲ.

2021ರ ಅಕ್ಟೋಬರ್‌ನಲ್ಲಿ ಅಲ್ಲಿನ ವ್ಯಾಪಾರ ಆಯೋಗ ಎಫ್‌ಟಿಸಿ ಆರು ದೊಡ್ಡ ಇಂಟರ್ನೆಟ್ ಕಂಪನಿಗಳ ಬಗ್ಗೆ ವರದಿ ಕೊಟ್ಟಿತು. ಕೆಲವು ಕಂಪನಿಗಳು ಬ್ರೌಸಿಂಗ್, ಟಿವಿ ನೋಡುವ ಅಭ್ಯಾಸ, ಆ್ಯಪ್ ಬಳಕೆ, ಓಡಾಟ ಎಲ್ಲವನ್ನೂ ಒಟ್ಟು ಸೇರಿಸುತ್ತವೆ. ಜನಾಂಗ, ಲೈಂಗಿಕ ಒಲವಿನಂಥ ಗುಂಪುಗಳಾಗಿ ಗ್ರಾಹಕರನ್ನು ವಿಂಗಡಿಸುವವರೂ ಇದ್ದಾರೆ ಎಂದು ಅದರಲ್ಲಿದೆ. ನಿಮ್ಮ ಡೇಟಾ ಮಾರುವುದಿಲ್ಲ ಎಂದು ಹೇಳುವ ಕಂಪನಿಗಳು ಕೂಡ ಮಾರದೆಯೇ ಅದರಿಂದ ಹಣ ಮಾಡುವ ಬೇರೆ ದಾರಿ ಇಟ್ಟುಕೊಂಡಿವೆ ಎಂದೂ ವರದಿ ಹೇಳಿತು. ಹಾಗಾಗಿ "ಮಾರುವುದಿಲ್ಲ" ಎಂಬ ಭರವಸೆ ಕಂಡರೆ ಅಲ್ಲಿಗೆ ಓದು ನಿಲ್ಲಿಸಬೇಡಿ.

ಯುರೋಪ್: ಮೊದಲು ಕೇಳು

ಯುರೋಪಿನ ಒಕ್ಕೂಟದಲ್ಲಿ ಲೆಕ್ಕ ತಿರುಗಾಮುರುಗಾ. 2002ರ ಇಪ್ರೈವಸಿ ನಿರ್ದೇಶನ ಎಲ್ಲ ಸದಸ್ಯ ದೇಶಗಳಿಗೂ ಹೇಳುವುದು ಇಷ್ಟು: ಬಳಕೆದಾರರ ಒಪ್ಪಿಗೆ ಇಲ್ಲದೆ ಅವರ ಸಂದೇಶಗಳನ್ನು ಕೇಳುವುದು, ಹಿಡಿಯುವುದು, ಇಟ್ಟುಕೊಳ್ಳುವುದನ್ನು ನಿಷೇಧಿಸಿ. ಅದು ಒಳಗಿನ ವಿಷಯಕ್ಕೆ ಮಾತ್ರ ನಿಲ್ಲುವುದಿಲ್ಲ. ಯಾರು ಯಾರ ಜೊತೆ, ಯಾವಾಗ ಎಂಬ ಟ್ರಾಫಿಕ್ ವಿವರವೂ ಗುಟ್ಟು. ಸಂಪರ್ಕಕ್ಕೆ ಅಥವಾ ಬಿಲ್ಲಿಗೆ ಬೇಕಾದಷ್ಟು ದಿನ ಇಟ್ಟುಕೊಂಡು ಆಮೇಲೆ ಅಳಿಸಬೇಕು, ಇಲ್ಲವೇ ಯಾರದ್ದೆಂದು ಗೊತ್ತಾಗದಂತೆ ಮಾಡಬೇಕು. 2018ರ ಮೇ 25ರಿಂದ ಜಿಡಿಪಿಆರ್ ಎಂಬ ಒಕ್ಕೂಟದ ಡೇಟಾ ರಕ್ಷಣೆ ಕಾನೂನು ಬಂದ ಮೇಲೆ ಒಪ್ಪಿಗೆ ಎಂದರೆ ಏನು ಎಂಬುದೂ ಬಿಗಿಯಾಯಿತು. ಮೊದಲೇ ಟಿಕ್ ಹಾಕಿಟ್ಟ ಪೆಟ್ಟಿಗೆ ಒಪ್ಪಿಗೆ ಅಲ್ಲ.

ನಿಯಮ ಪುಸ್ತಕದಲ್ಲಿ ಇದ್ದರೆ ಸಾಲದು ಎಂದು ತೋರಿಸಿದ್ದು ಬ್ರಿಟನ್ನಿನ ಫಾರ್ಮ್ ಪ್ರಕರಣ. ಅಲ್ಲಿನ ದೊಡ್ಡ ಟೆಲಿಕಾಂ ಕಂಪನಿ ಬಿಟಿ, 2006 ಮತ್ತು 2007ರಲ್ಲಿ ಫಾರ್ಮ್ ಎಂಬ ಜಾಹೀರಾತು ಕಂಪನಿಯ ತಂತ್ರವನ್ನು ಸಾವಿರಾರು ಗ್ರಾಹಕರ ಮೇಲೆ ಅವರಿಗೆ ಹೇಳದೆಯೇ ಪ್ರಯೋಗ ಮಾಡಿತು. 2008ರಲ್ಲಿ ಸುದ್ದಿ ಹೊರಬಿತ್ತು. ಬ್ರಿಟನ್ ಆಗ ಒಕ್ಕೂಟದ ಸದಸ್ಯ ದೇಶ. ಗ್ರಾಹಕರ ದೂರುಗಳಿಗೆ ಸ್ಥಳೀಯ ಅಧಿಕಾರಿಗಳಿಂದ ಸರಿಯಾದ ಉತ್ತರ ಸಿಗಲಿಲ್ಲ. ಆಗ ಒಕ್ಕೂಟದ ಆಡಳಿತ ಸಂಸ್ಥೆಯಾದ ಯುರೋಪಿಯನ್ ಕಮಿಷನ್ 2009ರ ಏಪ್ರಿಲ್‌ನಲ್ಲಿ ಬ್ರಿಟನ್ ಸರ್ಕಾರದ ಮೇಲೆಯೇ ಕ್ರಮ ಶುರುಮಾಡಿತು. ಗ್ರಾಹಕ ಒಪ್ಪಿದ್ದಾನೆ ಎಂದು ನಂಬಲು ಕಾರಣ ಇದ್ದರೆ ಸಾಕು ಎಂದು ಬ್ರಿಟನ್ನಿನ ಕಾನೂನಿನಲ್ಲಿ ಇತ್ತು. ಕಮಿಷನ್ ಇದನ್ನು ತಪ್ಪು ಎಂದಿತು. ಬ್ರಿಟನ್ ಕಾನೂನು ತಿದ್ದಿತು, 2012ರ ಜನವರಿಯಲ್ಲಿ ಪ್ರಕರಣ ಮುಗಿಯಿತು. ಪ್ರಯೋಗ ಮಾಡಿದವರ ಮೇಲೆ ಮಾತ್ರ ಮೊಕದ್ದಮೆ ಹೂಡಲಿಲ್ಲ. ಅದು ಸಾರ್ವಜನಿಕ ಹಿತಕ್ಕೆ ಬೇಕಿಲ್ಲ ಎಂದು ಅಲ್ಲಿನ ಪ್ರಾಸಿಕ್ಯೂಷನ್ ಇಲಾಖೆ 2011ರಲ್ಲೇ ತೀರ್ಮಾನಿಸಿತ್ತು.

ಯುರೋಪಿನ ಇನ್ನೊಂದು ತೀರ್ಪು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಬೆಲ್ಜಿಯಂನಲ್ಲಿ ಸಂಗೀತಗಾರರ ಹಕ್ಕು ನೋಡಿಕೊಳ್ಳುವ ಸಾಬಾಮ್ ಎಂಬ ಸಂಸ್ಥೆ, ಸ್ಕಾರ್ಲೆಟ್ ಎಂಬ ಇಂಟರ್ನೆಟ್ ಕಂಪನಿಯ ವಿರುದ್ಧ ಕೋರ್ಟಿಗೆ ಹೋಯಿತು. ಕದ್ದ ಹಾಡುಗಳನ್ನು ತಡೆಯಲು ಎಲ್ಲ ಗ್ರಾಹಕರ ಎಲ್ಲ ಟ್ರಾಫಿಕ್ಕನ್ನೂ ಜರಡಿ ಹಿಡಿಯಬೇಕು, ಖರ್ಚೂ ಕಂಪನಿಯೇ ಹಾಕಬೇಕು ಎಂಬುದು ಅದರ ಬೇಡಿಕೆ. 2011ರ ನವೆಂಬರ್ 24ರಂದು ಯುರೋಪಿನ ನ್ಯಾಯಾಲಯ ಹಾಗೆ ಆದೇಶಿಸುವಂತಿಲ್ಲ ಎಂದಿತು. ತಪ್ಪು ಮಾಡುವ ಕೆಲವರನ್ನು ಹಿಡಿಯಲು ಎಲ್ಲರ ಮೇಲೂ ಸದಾ ಕಣ್ಣಿಡುವುದು ಮೂಲಭೂತ ಹಕ್ಕುಗಳಿಗೆ ಹೊಂದುವುದಿಲ್ಲ. ಮುಂದೆ, ಎಲ್ಲ ಟ್ರಾಫಿಕ್ಕನ್ನೂ ಸಮಾನವಾಗಿ ನೋಡಬೇಕು ಎನ್ನುವ 2015ರ ನೆಟ್ ನ್ಯೂಟ್ರಾಲಿಟಿ ನಿಯಮದಲ್ಲೂ ಇದರ ನೆರಳು ಕಾಣುತ್ತದೆ. ದಟ್ಟಣೆ ನಿಭಾಯಿಸಲು ಟ್ರಾಫಿಕ್ ನಿಯಂತ್ರಿಸಬಹುದು, ಆದರೆ ಆ ಮಾಮೂಲಿ ಕೆಲಸಕ್ಕೆಂದು ಒಳಗಿನ ವಿಷಯದ ಮೇಲೆ ಕಣ್ಣಿಡುವಂತಿಲ್ಲ.

ಸರ್ಕಾರ ಕೇಳಿದಾಗ

ಇಲ್ಲಿಯವರೆಗೆ ಕಂಪನಿ ತನ್ನ ಲಾಭಕ್ಕೆ ನೋಡುವುದರ ಮಾತಾಯಿತು. ಸರ್ಕಾರಕ್ಕಾಗಿ ನೋಡುವುದು ಬೇರೆ ವಿಷಯ. ಅಲ್ಲಿ ನೋಡದಿರುವುದೇ ಅಪರಾಧ ಆಗಬಹುದು.

ಅಮೆರಿಕದಲ್ಲಿ 1994ರ ಕಲಿಯಾ ಎಂಬ ಕಾನೂನು ಫೋನ್ ಕಂಪನಿಗಳು ತಮ್ಮ ಯಂತ್ರಗಳಲ್ಲಿ ಕದ್ದಾಲಿಕೆಗೆ ಅನುಕೂಲ ಮಾಡಿಕೊಟ್ಟಿರಬೇಕು ಎಂದಿತು. 2005ರಲ್ಲಿ ಎಫ್‌ಸಿಸಿ ಇದನ್ನು ಬ್ರಾಡ್‌ಬ್ಯಾಂಡಿಗೂ ವಿಸ್ತರಿಸಿತು. ನಿಜವಾಗಿ ನೋಡಲು ಕೋರ್ಟಿನ ಆದೇಶ ಬೇಕು. ಆದರೆ 2006ರಲ್ಲಿ ಎಟಿ ಅಂಡ್ ಟಿ ಎಂಬ ಟೆಲಿಕಾಂ ಕಂಪನಿಯ ನಿವೃತ್ತ ತಂತ್ರಜ್ಞ ಮಾರ್ಕ್ ಕ್ಲೈನ್ ಬೇರೆಯದನ್ನೇ ಹೇಳಿದರು. ಸ್ಯಾನ್ ಫ್ರಾನ್ಸಿಸ್ಕೋದ ಕಟ್ಟಡದ 641ಎ ಎಂಬ ಕೋಣೆಯಲ್ಲಿ ಇಂಟರ್ನೆಟ್ ಟ್ರಾಫಿಕ್ಕಿನ ನಕಲು ರಾಷ್ಟ್ರೀಯ ಭದ್ರತಾ ಸಂಸ್ಥೆಯ ಉಪಕರಣಗಳಿಗೆ ಹೋಗುತ್ತಿದೆ ಎಂದು ದಾಖಲೆ ಸಮೇತ ಹೊರಗೆ ತಂದರು. ಗ್ರಾಹಕರು ದಾವೆ ಹೂಡಿದರು. 2008ರಲ್ಲಿ ಸಂಸತ್ತು ಕಾನೂನು ತಿದ್ದಿ, ಸಹಕರಿಸಿದ ಟೆಲಿಕಾಂ ಕಂಪನಿಗಳಿಗೆ ಹಿಂದಿನಿಂದಲೇ ರಕ್ಷಣೆ ಕೊಟ್ಟಿತು. ಪ್ರಕರಣ ಅಲ್ಲಿಗೆ ಬಿತ್ತು. ಆಗ ಕಾನೂನುಬದ್ಧವಾಗಿತ್ತೋ ಇಲ್ಲವೋ ಎಂದು ಆ ದಾವೆಯಲ್ಲಿ ತೀರ್ಮಾನ ಆಗಲೇ ಇಲ್ಲ.

ಎಲ್ಲರ ಟ್ರಾಫಿಕ್ ವಿವರವನ್ನೂ ಕೂಡಿಡಿ, ಮುಂದೆ ಬೇಕಾದರೆ ಕೇಳುತ್ತೇವೆ ಎನ್ನುವುದು ಇನ್ನೊಂದು ಬಗೆ. ಯುರೋಪ್ 2006ರಲ್ಲಿ ಆರು ತಿಂಗಳಿಂದ ಎರಡು ವರ್ಷದವರೆಗೆ ಇಡಬೇಕೆಂದು ನಿರ್ದೇಶನ ಮಾಡಿತ್ತು. 2014ರ ಏಪ್ರಿಲ್ 8ರಂದು ಅಲ್ಲಿನ ನ್ಯಾಯಾಲಯ ಅದನ್ನು ಪೂರ್ತಿ ರದ್ದು ಮಾಡಿತು. ಯಾವ ಅನುಮಾನವೂ ಇಲ್ಲದ ಕೋಟ್ಯಂತರ ಜನರ ದಾಖಲೆ ಇಡುವುದು ಅತಿಯಾಯಿತು ಎಂಬುದು ಕಾರಣ. ಬ್ರಿಟನ್ ಮಾತ್ರ 2016ರ ಕಾನೂನಿನಲ್ಲಿ, ಯಾವ ಸೇವೆಗೆ ಸಂಪರ್ಕ ಆಯಿತು ಎಂಬ ದಾಖಲೆಯನ್ನು 12 ತಿಂಗಳವರೆಗೆ ಇಡುವಂತೆ ಕಂಪನಿಗಳಿಗೆ ಆದೇಶಿಸುವ ಅಧಿಕಾರ ಇಟ್ಟುಕೊಂಡಿತು.

ಭಾರತ: ಲೈಸೆನ್ಸೇ ಅರ್ಧ ಕಾನೂನು

ಭಾರತದಲ್ಲಿ ಕಥೆ 1885ರ ಟೆಲಿಗ್ರಾಫ್ ಕಾಯ್ದೆಯಿಂದ ಶುರು. ಅದರ 5(2)ನೇ ಸೆಕ್ಷನ್ ಸಾರ್ವಜನಿಕ ತುರ್ತು ಅಥವಾ ಸಾರ್ವಜನಿಕ ಸುರಕ್ಷತೆಯ ಸಂದರ್ಭದಲ್ಲಿ ಸಂದೇಶ ಹಿಡಿಯಲು ಸರ್ಕಾರಕ್ಕೆ ಅಧಿಕಾರ ಕೊಟ್ಟಿತ್ತು. ಹೇಗೆ, ಯಾರು, ಎಷ್ಟು ದಿನ ಎಂಬ ನಿಯಮವೇ ಇಲ್ಲದೆ ನೂರಕ್ಕೂ ಜಾಸ್ತಿ ವರ್ಷ ಕಳೆಯಿತು. 1996ರಲ್ಲಿ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಕಟ್ಟುಪಾಡು ಹಾಕಿತು. ಗೃಹ ಕಾರ್ಯದರ್ಶಿ ಮಟ್ಟದ ಅಧಿಕಾರಿಯೇ ಆದೇಶ ಕೊಡಬೇಕು, ಪರಿಶೀಲನಾ ಸಮಿತಿ ಇರಬೇಕು ಎಂದಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಪುಟ್ಟಸ್ವಾಮಿ ಪ್ರಕರಣದಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು.

ಇಂಟರ್ನೆಟ್ಟಿಗೆ ನೇರವಾಗಿ ಸಂಬಂಧಿಸಿದ್ದು 2000ದ ಐಟಿ ಕಾಯ್ದೆಯ 69ನೇ ಸೆಕ್ಷನ್. ಹಿಡಿಯುವುದು, ಗಮನಿಸುವುದು, ಗೂಢಲಿಪಿ ಬಿಡಿಸುವುದು ಮೂರಕ್ಕೂ ಆದೇಶ ಕೊಡಬಹುದು. ಕಂಪನಿ ಸಹಕರಿಸದಿದ್ದರೆ ಏಳು ವರ್ಷದವರೆಗೆ ಜೈಲು. 69ಬಿ ಸೆಕ್ಷನ್ ಸೈಬರ್ ಸುರಕ್ಷತೆಗಾಗಿ ಟ್ರಾಫಿಕ್ ಡೇಟಾ ಸಂಗ್ರಹಿಸಲು ಅವಕಾಶ ಕೊಡುತ್ತದೆ. 2018ರ ಡಿಸೆಂಬರ್ 20ರಂದು ಗೃಹ ಸಚಿವಾಲಯ 69ನೇ ಸೆಕ್ಷನ್ ಅಡಿ ಹತ್ತು ಸಂಸ್ಥೆಗಳ ಪಟ್ಟಿ ಹೊರಡಿಸಿತು. ಈಗ ಟೆಲಿಗ್ರಾಫ್ ಕಾಯ್ದೆಯ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆ ಬಂದಿದೆ, ಅದರ ಅಡಿಯಲ್ಲಿ 2024ರ ಡಿಸೆಂಬರ್‌ನಲ್ಲಿ ಹೊಸ ನಿಯಮಗಳೂ ಬಂದಿವೆ. ಒಂದು ಆದೇಶ 60 ದಿನ ನಡೆಯುತ್ತದೆ, ಮುಂದುವರಿಸಿದರೂ ಒಟ್ಟು 180 ದಿನ ದಾಟುವಂತಿಲ್ಲ.

ಈ ಇಡೀ ಸರಪಳಿಯಲ್ಲಿ ನ್ಯಾಯಾಧೀಶರು ಎಲ್ಲೂ ಇಲ್ಲ. ಆದೇಶ ಕೊಡುವವರು ಸರ್ಕಾರದ ಅಧಿಕಾರಿಗಳು, ಅದನ್ನು ಪರಿಶೀಲಿಸುವವರೂ ಸರ್ಕಾರದ ಅಧಿಕಾರಿಗಳು. ನೋಡಿಸಿಕೊಂಡವರಿಗೆ ಆಮೇಲೂ ತಿಳಿಸುವ ವ್ಯವಸ್ಥೆ ಇಲ್ಲ. ಗೊತ್ತೇ ಆಗದ ವಿಷಯದ ಮೇಲೆ ಕೋರ್ಟಿಗೆ ಹೋಗುವುದು ಹೇಗೆ? ನನಗೆ ಇದು ಈ ಕಾನೂನಿನ ಅತಿ ದೊಡ್ಡ ಕೊರತೆ.

ಕಂಪನಿಗಳನ್ನು ದಿನನಿತ್ಯ ಕಟ್ಟಿಹಾಕುವುದು ಕಾಯ್ದೆಗಿಂತ ಹೆಚ್ಚಾಗಿ ಲೈಸೆನ್ಸ್. ಅದು ಎರಡು ಕಡೆ ಎಳೆಯುತ್ತದೆ. ಗ್ರಾಹಕರ ಸಂಪರ್ಕದ ಗುಟ್ಟು ಕಾಪಾಡಬೇಕು, ಅನುಮತಿ ಇಲ್ಲದ ಕದ್ದಾಲಿಕೆ ಆಗಬಾರದು ಎನ್ನುತ್ತದೆ. ಜೊತೆಗೆ ಸರ್ಕಾರದ ಸಂಸ್ಥೆಗಳಿಗೆ ನೋಡುವ ಸೌಲಭ್ಯ ಕೊಡಬೇಕು, ದಾಖಲೆ ಇಡಬೇಕು ಎಂದೂ ಹೇಳುತ್ತದೆ. ಯಾವ ಗ್ರಾಹಕ ಯಾವ ಐಪಿಗೆ ಯಾವಾಗ ಸಂಪರ್ಕ ಮಾಡಿದ ಎಂಬ ದಾಖಲೆಯನ್ನು ಮೊದಲು ಒಂದು ವರ್ಷ ಇಡಬೇಕಿತ್ತು. 2021ರ ಡಿಸೆಂಬರ್‌ನಲ್ಲಿ ಅದನ್ನು ಕನಿಷ್ಠ ಎರಡು ವರ್ಷ ಮಾಡಿದರು. ಯುರೋಪಿನ ನ್ಯಾಯಾಲಯ ಅತಿ ಎಂದು ರದ್ದು ಮಾಡಿದ ನಿರ್ದೇಶನದಲ್ಲಿ ಎರಡು ವರ್ಷ ಗರಿಷ್ಠ ಮಿತಿಯಾಗಿತ್ತು.

ಕಂಪನಿ ತನ್ನ ಲಾಭಕ್ಕೆ ಕೈ ಹಾಕಿದರೆ? 2015ರ ಜೂನ್‌ನಲ್ಲಿ ಒಬ್ಬ ಪ್ರೋಗ್ರಾಮರ್, ಏರ್‌ಟೆಲ್ 3ಜಿಯಲ್ಲಿ ತೆರೆದ ಪುಟಗಳ ಒಳಗೆ ಆ ಸೈಟಿನವರು ಹಾಕದ ಜಾವಾಸ್ಕ್ರಿಪ್ಟ್ ಕೋಡ್ ಇರುವುದನ್ನು ಕಂಡುಹಿಡಿದು, ಪ್ರೋಗ್ರಾಮರುಗಳು ಕೋಡ್ ಹಂಚಿಕೊಳ್ಳುವ ಗಿಟ್‌ಹಬ್ ಸೈಟಿನಲ್ಲಿ ಹಾಕಿದರು. ಡೇಟಾ ಬಳಕೆ ತಿಳಿಸಲು ಮಾಡಿದ ಪ್ರಯೋಗ ಅದು ಎಂದು ಕಂಪನಿ ವಿವರಣೆ ಕೊಟ್ಟಿತು. ಆದರೆ ಆ ತಂತ್ರ ಒದಗಿಸಿದ್ದ ಫ್ಲ್ಯಾಶ್ ನೆಟ್‌ವರ್ಕ್ಸ್ ಎಂಬ ಕಂಪನಿಯ ಕಡೆಯಿಂದ ಲಾಯರ್ ನೋಟಿಸ್ ಬಂದಿದ್ದು ವಿಷಯ ಹೊರಗೆ ತಂದವರಿಗೆ. ಇಂಥ ಹೊತ್ತಿನಲ್ಲಿ ಗ್ರಾಹಕ ನೇರವಾಗಿ ಹಿಡಿದುಕೊಳ್ಳಬಹುದಾದ ಗಟ್ಟಿ ಕಾನೂನು ಆಗ ಇರಲಿಲ್ಲ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆ ಆ ಜಾಗ ತುಂಬಬೇಕು. ಒಪ್ಪಿಗೆ ಸ್ಪಷ್ಟವಾಗಿರಬೇಕು, ಯಾವ ಕೆಲಸಕ್ಕೆ ಎಂದು ಹೇಳಿ ಪಡೆಯಬೇಕು, ಆ ಕೆಲಸಕ್ಕೆ ಬೇಕಾದಷ್ಟೇ ಡೇಟಾ ತೆಗೆದುಕೊಳ್ಳಬೇಕು ಎಂದು ಅದು ಹೇಳುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಹಂತಹಂತವಾಗಿ ಜಾರಿಯಾಗುತ್ತವೆ. ಅದೇ ಕಾಯ್ದೆ ಸರ್ಕಾರದ ಸಂಸ್ಥೆಗಳಿಗೆ ದೊಡ್ಡ ವಿನಾಯಿತಿಯನ್ನೂ ಕೊಟ್ಟಿದೆ.

ಆಫೀಸು, ಕಾಲೇಜು, ಹೋಟೆಲ್ ವೈಫೈ ಬಗ್ಗೆಯೂ ಜನ ಕೇಳುತ್ತಾರೆ. ಅದು ಬೇರೆ ಲೆಕ್ಕ. ಅಲ್ಲಿ ನೆಟ್‌ವರ್ಕ್ ಅವರದ್ದು, ಷರತ್ತೂ ಅವರದ್ದು. ಕಂಪನಿ ಕೊಟ್ಟ ಲ್ಯಾಪ್‌ಟಾಪಿನಲ್ಲಿ ಅವರು ತಮ್ಮ ಸರ್ಟಿಫಿಕೇಟ್ (ಮಧ್ಯದಲ್ಲಿರುವ ಅವರ ಯಂತ್ರವನ್ನೇ ಅಸಲಿ ಸೈಟ್ ಎಂದು ಬ್ರೌಸರ್ ನಂಬುವಂತೆ ಮಾಡುವ ಡಿಜಿಟಲ್ ಗುರುತು) ಹಾಕಿಟ್ಟಿದ್ದರೆ ಎಚ್‌ಟಿಟಿಪಿಎಸ್ ಒಳಗಿನದೂ ಕಾಣಬಹುದು.

ನಾವು ಮಾಡಬಹುದಾದ್ದು

ಬ್ರೌಸರಿನಲ್ಲಿ ಅಥವಾ ಫೋನಿನಲ್ಲಿ ಗೂಢಲಿಪಿಯ ಡಿಎನ್‌ಎಸ್ ಆನ್ ಮಾಡಿ. ಅದರ ತಾಂತ್ರಿಕ ಮಾನದಂಡಗಳು 2016 ಮತ್ತು 2018ರಲ್ಲೇ ಬಂದಿವೆ, ಈಗ ಸೆಟ್ಟಿಂಗ್‌ನಲ್ಲೇ ಸಿಗುತ್ತದೆ. ಇದರಿಂದ ಸೈಟುಗಳ ಪಟ್ಟಿ ಇಂಟರ್ನೆಟ್ ಕಂಪನಿಗೆ ಸುಲಭವಾಗಿ ಸಿಗುವುದು ತಪ್ಪುತ್ತದೆ, ಎಸ್‌ಎನ್‌ಐ ಮೂಲಕ ಕಾಣುವುದು ಉಳಿಯುತ್ತದೆ. ವಿಪಿಎನ್ ಎಂದರೆ ನಿಮ್ಮ ಟ್ರಾಫಿಕ್ಕನ್ನೆಲ್ಲ ಗೂಢಲಿಪಿಯಲ್ಲಿ ಬೇರೊಂದು ಕಂಪನಿಯ ಸರ್ವರ್ ಮೂಲಕ ಕಳಿಸುವ ಸೇವೆ. ಅದನ್ನು ಹಾಕಿದರೆ ಇದೂ ಮುಚ್ಚುತ್ತದೆ, ಆದರೆ ನೋಡುವ ಜಾಗಕ್ಕೆ ವಿಪಿಎನ್ ಕಂಪನಿ ಬಂದು ಕೂರುತ್ತದೆ. ಪುಕ್ಕಟೆ ವಿಪಿಎನ್ ಆದರೆ ಇನ್ನೂ ಹುಷಾರಾಗಿರಬೇಕು. ಭಾರತದಲ್ಲಿ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ಆದೇಶ ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಕೊಟ್ಟ ಐಪಿಗಳ ವಿವರವನ್ನು ಐದು ವರ್ಷ ಇಡಬೇಕು ಎಂದಿತು. ಎಕ್ಸ್‌ಪ್ರೆಸ್‌ವಿಪಿಎನ್‌ನಂಥ ಕೆಲವು ಕಂಪನಿಗಳು ಒಪ್ಪದೆ ಭಾರತದಲ್ಲಿದ್ದ ತಮ್ಮ ಸರ್ವರುಗಳನ್ನೇ ತೆಗೆದವು.

ತಂತ್ರ ಒಂದು ಮಟ್ಟಕ್ಕೆ ಕಾಪಾಡುತ್ತದೆ. ಅದರಾಚೆ ಕೇಳಬೇಕಾದ್ದು ಕಂಪನಿಯನ್ನೇ. ಯುರೋಪಿನಲ್ಲಿ ಯಾರಾದರೂ "ನನ್ನ ಬಗ್ಗೆ ಏನೇನು ಇಟ್ಟುಕೊಂಡಿದ್ದೀರಿ, ಯಾಕೆ, ಯಾರಿಗೆ ಕೊಟ್ಟಿದ್ದೀರಿ" ಎಂದು ಬರೆದು ಕೇಳಿದರೆ ಕಂಪನಿ ಸಾಮಾನ್ಯವಾಗಿ ಒಂದು ತಿಂಗಳೊಳಗೆ, ದುಡ್ಡು ಕೇಳದೆ ಉತ್ತರ ಕೊಡಬೇಕು. ಭಾರತದ ಹೊಸ ಕಾಯ್ದೆಯ 11ನೇ ಸೆಕ್ಷನ್ ಇಂಥದ್ದೇ ಹಕ್ಕನ್ನು ಕೊಡುತ್ತದೆ. ನಿಮ್ಮ ಡೇಟಾದ ಸಾರಾಂಶ, ಅದರಿಂದ ಏನು ಮಾಡುತ್ತಿದ್ದಾರೆ, ಯಾರ ಜೊತೆ ಹಂಚಿಕೊಂಡಿದ್ದಾರೆ ಎಂದು ಕೇಳಬಹುದು. ಕಾನೂನಿನ ಪ್ರಕಾರ ತನಿಖಾ ಸಂಸ್ಥೆಗಳಿಗೆ ಕೊಟ್ಟದ್ದನ್ನು ಮಾತ್ರ ಹೇಳಬೇಕಿಲ್ಲ. ಆ ಸೆಕ್ಷನ್ ಜಾರಿಗೆ ಬಂದ ದಿನ ಕಂಪನಿಗೆ ಕಳಿಸಬೇಕಾದ ಪತ್ರದಲ್ಲಿ ಮೂರು ಪ್ರಶ್ನೆ ತಪ್ಪದೆ ಇರಲಿ: ನನ್ನ ಡಿಎನ್‌ಎಸ್ ದಾಖಲೆ ಎಷ್ಟು ದಿನ ಇಡುತ್ತೀರಿ, ನನ್ನ ಟ್ರಾಫಿಕ್ಕಿನ ಮೇಲೆ ಡಿಪಿಐ ಯಾವ ಯಾವ ಕೆಲಸಕ್ಕೆ ನಡೆಯುತ್ತದೆ, ಜಾಹೀರಾತಿಗೆ ಬಳಸಲು ನಾನು ಒಪ್ಪಿದ್ದೇನೆ ಎಂದು ನಿಮ್ಮ ಪುಸ್ತಕದಲ್ಲಿ ಇದೆಯೇ, ಇದ್ದರೆ ಯಾವ ತಾರೀಖಿನಂದು ಒಪ್ಪಿದೆ.